ಖರೆ ನಕಲು

ಕಾರವಾರದ ಕೋರ್ಟಿನೆದುರು ನನ್ನ ಝೆರಾಕ್ಸ್ ಅಂಗಡಿ.
ಇಪ್ಪತ್ತಾರು ವರ್ಷ, ಊರು ಬಿಡುವವರೆಲ್ಲ
ಈ ಗಾಜಿನ ಮೇಲೆ ಬೋರಲು ಮಲಗಿ
ಬೆಳಕು ಹಾಯಿಸಿಕೊಂಡು ಎದ್ದುಹೋದರು:
ದುಬೈಗೆ, ಮಸ್ಕತ್ತಿಗೆ, ಎಣ್ಣೆ ಹಡಗಿಗೆ.
ಬೈತ್‌ಖೋಲದ ಹುಡುಗನೊಬ್ಬ ಐಸ್‌ಲ್ಯಾಂಡಿಗೆ.
ಅಲ್ಲೂ ಮೀನು ಕೊಯ್ಯುವುದೇ ಅಂತೆ,
ಕೈಗವಸು ಮಾತ್ರ ಕಂಪನಿಯದು.

ಪುಟಕ್ಕೆ ಎರಡು ರೂಪಾಯಿ, ಹಿಂದೆಮುಂದೆ ಮೂರು.
ಯಾಕೆ ಹೋಗುತ್ತಿ ಎಂದು ಯಾರನ್ನೂ ಕೇಳಿದವನಲ್ಲ.

ಇವತ್ತು ಮೇ ಕೊನೆಯ ವಾರ, ಕರೆಂಟು ಕಣ್ಣುಮಿಟುಕಿಸುವ ಮಧ್ಯಾಹ್ನ,
ಗಾಜಿನ ಮೇಲೆ ಮಲಗಿದವಳು ನನ್ನ ಅಜ್ಜಿ.
ಕಾಣಕೋಣದ ಇಗರ್ಜಿಯ ದಪ್ಪ ಪುಸ್ತಕದಲ್ಲಿ
ಯಾರೋ ಪಾದ್ರಿ ಬರೆದಿಟ್ಟ ಒಂದೂವರೆ ಸಾಲು.
ಇಷ್ಟು ಸಾಕು ಎಂದ ಮಡಗಾವಿನ ಏಜೆಂಟ, ಬೆರಳು ಮಡಚಿ:
ಅಜ್ಜಿ, ಅಪ್ಪ, ನೀನು.
ಮೂರನೇ ಬೆರಳಿಗೆ ಪೋರ್ತುಗಾಲ.

ಅವಳೋ, ಮದುವೆಯ ಮರುವಾರ
ತಲೆಯ ಮೇಲೆ ತಾಮ್ರದ ಭಾಣ ಹೊತ್ತು
ಪೋಳೆಯ ಗುಡ್ಡ ಇಳಿದು ಸದಾಶಿವಗಡಕ್ಕೆ ನಡೆದುಬಂದವಳು.
ಪರದೇಶಕ್ಕೆ ಬಂದೆನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.
ದಾರಿಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದನ್ನಷ್ಟೇ
ಸಾಯುವವರೆಗೂ ಹೇಳುತ್ತಿದ್ದಳು.

ತೊಡಕು ಹೆಸರಿನಲ್ಲಿ.
ಇಗರ್ಜಿಯಲ್ಲಿ ಎಸ್ಪೆರಾನ್ಸಾ.
ರೇಶನ್ ಕಾರ್ಡಿನಲ್ಲಿ ಇಸ್ಪ್ರಾಣಿ.
ಮತದಾರರ ಪಟ್ಟಿಯಲ್ಲಿ, ಬರೆದ ಮಾಸ್ತರರ ಭಕ್ತಿಯೋ ಏನೋ,
ಈಶ್ವರಾಣಿ ಫರ್ನಾಂಡಿಸ್.

ಲಿಸ್ಬನ್ನಿನಲ್ಲಿ ಅಣ್ಣನ ಮಗನಿದ್ದಾನೆ.
ಹೋಟೆಲಿನ ಹಿಂಬಾಗಿಲಲ್ಲಿ ತಟ್ಟೆ ತೊಳೆಯುತ್ತ
ಧ್ವನಿ ಕಳಿಸುತ್ತಾನೆ: ಬಾ ಕಾಕಾ, ಚಳಿ ಅಭ್ಯಾಸವಾಗ್ತದೆ.
ನೀರಿನ ಸದ್ದೇ ಜಾಸ್ತಿ ಕೇಳುತ್ತದೆ.
ಇಲ್ಲಿ ಮಗಳು ಲವೀನಾ ಪಿಯುಸಿ ಮುಗಿಸಿದಳು.
ಈಗ ಎಲ್ಲರೂ ಮೊಬೈಲಿನಲ್ಲೇ ಕಾಗದ ಕಳಿಸುತ್ತಾರೆ;
ನನ್ನ ಯಂತ್ರ ಬಿಸಿಯಾಗುವುದು ದಿನಕ್ಕೆ ಎರಡು ಸಲ.

ಮನೆಯಲ್ಲಿ ಕಾರ್ಮೆಲಿನ್ ಮಳೆಗಾಲ ತುಂಬುತ್ತಿದ್ದಾಳೆ.
ಸೀಳಿದ ಬಾಂಗಡೆ ತಟ್ಟಿಯ ಮೇಲೆ,
ಒಣಶೆಟ್ಲಿ ಬಾಟಲಿಯಲ್ಲಿ, ಮುರುಗಲ ಸಿಪ್ಪೆ ಹೊದಿಕೆಯ ಮೇಲೆ.
ಅಕ್ಕಿಯ ಡ್ರಮ್ಮಿನೊಳಗೆ, ತಳದಲ್ಲಿ,
ಮೂರು ಪ್ಲಾಸ್ಟಿಕ್ಕು ಸುತ್ತಿದ ಮನೆಯ ಕಾಗದ.
ಅವಳು ಹಾಗೆಯೇ. ಬಿಣಗಾದ ಆಚೆ ಈಗ ಗೋಡೆ ಎದ್ದಿರುವಲ್ಲಿ
ಅವಳ ಮನೆಯಿತ್ತು.
ಲಾರಿಯಲ್ಲಿ ರುಬ್ಬುಗಲ್ಲು ಬಂತು, ಆಡು ಬಂತು,
ಹಗ್ಗ ಸಮೇತ ಕೊಡಪಾನವೂ ಬಂತು, ಬಾವಿ ಅಲ್ಲೇ.
ಪರಿಹಾರದ ಅರ್ಜಿಗಳನ್ನು ಅವರಪ್ಪ ನನ್ನಲ್ಲೇ ನಕಲು ಮಾಡಿಸುತ್ತಿದ್ದರು;
ಹಾಗಾಗಿಯೇ ಮದುವೆಯಾದೆವು, ಅದು ಬೇರೆ ಕಥೆ.

ನಿನ್ನೆ ರಾತ್ರಿ ಕೇಳಿದಳು, ಮೀನಿನ ಕೈ ಮೂಸಿಕೊಳ್ಳುತ್ತ:
‘ಆಗ ಲಾರಿ ಕಳಿಸಿದವರು ಬೇರೆಯವರು.
ಈ ಸಲ ನಾವೇ ಕರೆಯೋದಾ?’
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಆ ಪಾಸ್‌ಪೋರ್ಟ್ ಕೈಗೆ ಬಂದರೆ ಈ ನೀಲಿಯದನ್ನು ಒಪ್ಪಿಸಬೇಕು.
ಎಷ್ಟು ನಕಲು ಇಟ್ಟುಕೊಂಡರೂ
ಅದು ನಕಲೇ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಫಿಡವಿಟ್ಟು ನಾನೇ ಟೈಪು ಮಾಡಿದೆ.
ಸಾವಿರ ಜನಕ್ಕೆ ಮಾಡಿಕೊಟ್ಟ ಅದೇ ಸಾಲು:
‘ಸದರಿ ಮೂರೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು
ಪ್ರಮಾಣಪೂರ್ವಕವಾಗಿ ಹೇಳುತ್ತೇನೆ.’
ಬೆರಳು ಅಲ್ಲಿ ನಿಂತಿತು.
ಗಡಿ ದಾಟುವ ಮೊದಲಿನವಳು, ದಾಟಿದ ಮೇಲಿನವಳು,
ಈಶ್ವರನನ್ನು ಹೆಸರಲ್ಲಿ ಹೊತ್ತು ಓಟು ಹಾಕಿದವಳು,
ಒಬ್ಬಳೇನಾ? ಯಾರ ಮೇಲೆ ಪ್ರಮಾಣ ಮಾಡಲಿ?
ನೋಟರಿ ಶಾನಭಾಗರು ಊಟಕ್ಕೆ ಹೋಗಿದ್ದಾರೆ.
ರಬ್ಬರ್ ಮುದ್ರೆ ಮೇಜಿನ ಮೇಲೆ ಅಂಗಾತ ಮಲಗಿದೆ:
ಖರೆ ನಕಲು.

ಕಾಳಿಯ ಮೇಲಿಂದ ಮೊದಲ ಮೋಡ ಬಂತು, ಸೆಕೆ ಹೆಚ್ಚಾಯಿತು.
ಫೋನು. ಕಾರ್ಮೆಲಿನ್, ಅಂಗಡಿಯಿಂದ, ಅವಸರದಲ್ಲಿ:
‘ಉಪ್ಪು ಎಷ್ಟು ತರಲಿ? ಎರಡು ಕಿಲೋ ಸಾಕಾ, ನಾಲ್ಕಾ?’
ಮಳೆ ಮುಗಿಯುವಾಗ ಎಲ್ಲಿರುತ್ತೇವೆ
ಎಂಬುದನ್ನು ಅವಳು ಹಾಗೆ ಕೇಳುತ್ತಾಳೆ.

ನಾಲ್ಕು ತಾ, ಎಂದೆ.
ಉಪ್ಪೇನು ಹಾಳಾಗೋದಿಲ್ಲವಲ್ಲ.